ಹಾಡು ಬಿಟ್ಟ ಕಡೆ ಕೇಳುಗರ ಊಹೆ: ಕೊಳ್ಳೇಗಾಲ ಸೀಮೆಯ ಮೌಖಿಕ ಕಾವ್ಯಗಳನ್ನು ಕುರಿತು

ಕಥೆಯೊಂದು ಹೇಳದೆ ಬಿಟ್ಟ ಸಂಗತಿಗಳ ಬಗ್ಗೆ ಓದುಗರು ಮಾಡುವ ಊಹೆಗಳನ್ನು ಸಾಹಿತ್ಯ ವಿಮರ್ಶೆಯು ಬಹುಕಾಲ ಗಂಭೀರವಾಗಿ ಪರಿಗಣಿಸಲಿಲ್ಲ. ಅವು ಅಭಿಮಾನಿಗಳ ಹರಟೆ ಎಂಬ ಭಾವನೆ ವಿದ್ವತ್ ವಲಯದಲ್ಲಿ ಇಂದಿಗೂ ಉಳಿದಿದೆ. ಜೆ.ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಮಾಲೆಯ ಏಳು ಸಂಪುಟಗಳು ೧೯೯೭ರಿಂದ ೨೦೦೭ರವರೆಗೆ ಪ್ರಕಟವಾದಾಗ ಈ ಹರಟೆಯ ಪ್ರಮಾಣವೇ ಗಮನ ಸೆಳೆಯುವಂತಿತ್ತು. ಮಾಂತ್ರಿಕ ವಿದ್ಯಾಶಾಲೆಯ ಮುಖ್ಯಗುರು ಡಂಬಲ್‌ಡೋರ್‌ನನ್ನು ಅದೇ ಶಾಲೆಯ ಅಧ್ಯಾಪಕ ಸ್ನೇಪ್ ಕೊಲ್ಲುವುದರೊಂದಿಗೆ ೨೦೦೫ರ ಆರನೆಯ ಸಂಪುಟ ಮುಗಿಯಿತು. ಸ್ನೇಪ್ ದ್ರೋಹಿಯೋ ಗುರುವಿನ ಆಜ್ಞಾಧಾರಕನೋ ಎಂಬ ಚರ್ಚೆ ಮುಂದಿನ ಎರಡು ವರ್ಷ ನಡೆಯಿತು. ಏಳನೆಯ ಸಂಪುಟ ಬಂದು ತೀರ್ಪು ಕೊಟ್ಟಿತು. ಸರಿಯಾಗಿ ಊಹಿಸಿದವರು ಗೆದ್ದರು, ತಪ್ಪಿದವರು ಸುಮ್ಮನಾದರು. ಮಾಲೆ ಮುಗಿದ ಮೇಲೂ ಓದುಗರು ಲೇಖಕಿಯ ಮಾತಿಗಾಗಿ ಕಾಯುವುದನ್ನು ಬಿಡಲಿಲ್ಲ.

ಇಲ್ಲಿ ಗಮನಿಸಬೇಕಾದುದು ಊಹೆಗೂ ಪಠ್ಯಕ್ಕೂ ಇರುವ ಅಂತರ. ಪಠ್ಯದ ಖಾಲಿ ಜಾಗಗಳನ್ನು ತುಂಬುವ ಕ್ರಿಯೆಯಲ್ಲಿಯೇ ಅರ್ಥ ಹುಟ್ಟುತ್ತದೆ ಎಂದು ಜರ್ಮನ್ ಚಿಂತಕ ವುಲ್ಫ್‌ಗಾಂಗ್ ಈಸರ್ ೧೯೭೦ರ ದಶಕದಲ್ಲಿ ವಾದಿಸಿದ್ದು ಕನ್ನಡ ವಿಮರ್ಶೆಗೂ ಪರಿಚಿತವೇ. ಆದರೆ ಈಸರ್‌ನ ಓದುಗ ಎಷ್ಟೇ ತುಂಬಿದರೂ ಮುದ್ರಿತ ಪುಟ ಬದಲಾಗುವುದಿಲ್ಲ. ಊಹೆ ಪುಟದ ಹೊರಗೇ ನಿಲ್ಲುತ್ತದೆ. ತೀರ್ಪು ಕೊಡುವ ಕರ್ತೃವೇ ಇಲ್ಲದ, ಪ್ರತಿ ಹಾಡಿಕೆಯಲ್ಲೂ ಹೊಸದಾಗಿ ಕಟ್ಟಿಕೊಳ್ಳುವ ಕಾವ್ಯದಲ್ಲಿ ಕೇಳುಗರ ಊಹೆ ಎಲ್ಲಿ ನಿಲ್ಲುತ್ತದೆ? ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಮೌಖಿಕ ಪರಂಪರೆಯನ್ನು ಈ ಪ್ರಶ್ನೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆ ಎರಡು ಮಹಾಕಾವ್ಯಗಳ ನೆಲೆ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಲೆ ಮಾದೇಶ್ವರ ಕಾವ್ಯ ಒಂದು. ನೀಲಗಾರರು ತಂಬೂರಿ ಮೀಟುತ್ತ ಹಾಡುವ ಮಂಟೇಸ್ವಾಮಿ ಕಾವ್ಯ ಇನ್ನೊಂದು. ಮಾದೇಶ್ವರನ ಬೆಟ್ಟ ಇಂದು ಹನೂರು ತಾಲ್ಲೂಕಿಗೆ ಸೇರಿದೆ. ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯ ಗದ್ದುಗೆ ಇರುವ ಚಿಕ್ಕಲ್ಲೂರು ಕೊಳ್ಳೇಗಾಲ ಸೀಮೆಯದು. ಪಕ್ಕದ ಯಳಂದೂರಿನ ಬಿಳಿಗಿರಿರಂಗನಿಗೂ ಹಾಡಿನ ಪರಂಪರೆ ಇದೆ. ೧೯೫೬ಕ್ಕೆ ಮೊದಲು ಕೊಳ್ಳೇಗಾಲವು ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಬಳಿಕ ಮೈಸೂರು ಜಿಲ್ಲೆಗೂ ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆಗೂ ಸೇರಿತು. ಒಕ್ಕಲು ಮಾತ್ರ ಆಡಳಿತದ ಗಡಿಯನ್ನು ಲೆಕ್ಕಿಸದೆ ಬೆಟ್ಟಕ್ಕೆ ನಡೆದು ಬರುತ್ತಲೇ ಇದೆ.

ಎರಡೂ ಕಾವ್ಯಗಳ ಒಡಲಲ್ಲಿ ಗುರು, ಶಿಷ್ಯ, ಮಠ ಎಂಬ ಚೌಕಟ್ಟಿದೆ. ಪವಾಡಶಕ್ತಿಯುಳ್ಳ ಬಾಲಕನೊಬ್ಬ ವಿದ್ಯಾಸ್ಥಾನವನ್ನು ಸೇರುವುದು, ಅಲ್ಲಿ ಅವನ ಶಕ್ತಿ ಯಾರಿಗೂ ತಿಳಿಯದಿರುವುದು, ಕೀಳೆನಿಸಿದ ಕೆಲಸಗಳಿಗೆ ಅವನನ್ನು ಹಚ್ಚುವುದು ರೌಲಿಂಗ್ ಅವರ ಓದುಗರಿಗೆ ಬಹಳ ದೂರದ ವಸ್ತುವಾಗಿ ಕಾಣಲಾರದು. ಮಾದೇಶ್ವರ ಮೊದಲು ಸುತ್ತೂರು ಮಠ ಸೇರುತ್ತಾನೆ. ಅಲ್ಲಿ ರಾಗಿ ಬೀಸುವ ಕೆಲಸ ಅವನ ಪಾಲಿಗೆ ಬರುತ್ತದೆ. ಬಳಿಕ ಕೊಳ್ಳೇಗಾಲ ಸೀಮೆಯ ಕುಂತೂರು ಮಠದ ಪ್ರಭುಸ್ವಾಮಿಯ ಶಿಷ್ಯನಾಗುತ್ತಾನೆ. ಹುಲಿಯನ್ನೇರಿ ಏಳುಮಲೆ ಆಳಬೇಕಾದವನಿಗೆ ಗುರು ಏಕೆ ಬೇಕು, ಬೇಕಾದರೂ ರಾಗಿ ಬೀಸುವುದೇಕೆ ಎಂಬುದನ್ನು ಕಾವ್ಯ ಬಿಡಿಸಿ ಹೇಳುವುದಿಲ್ಲ. ಭಕ್ತರ ಸಾಮಾನ್ಯ ಸಮಾಧಾನವೆಂದರೆ ಇದು ಶಿಷ್ಯನ ಪರೀಕ್ಷೆಯಲ್ಲ, ಗುರುಗಳ ಪರೀಕ್ಷೆ ಎಂಬುದು. ತನ್ನಷ್ಟಕ್ಕೇ ತಿರುಗುವ ಬೀಸುವ ಕಲ್ಲನ್ನು ಕಂಡೂ ಬೀಸುತ್ತಿರುವವನು ಯಾರೆಂದು ತಿಳಿಯದವರು ಸೋತವರು. ವೀರಶೈವ ಮಠಗಳ ಮನ್ನಣೆಯಿಲ್ಲದೆ ಕಾಡಿನ ದೈವವೊಂದು ಬಯಲುಸೀಮೆಯ ಒಕ್ಕಲನ್ನು ಪಡೆಯುವುದು ಸಾಧ್ಯವಿರಲಿಲ್ಲ, ಆದ್ದರಿಂದ ಮಠದ ಪ್ರಸಂಗ ಕಾವ್ಯಕ್ಕೆ ಬಂದು ಸೇರಿತು ಎಂಬುದು ವಿದ್ವಾಂಸರ ಕಡೆಯಿಂದ ಬರಬಹುದಾದ ಸಮಾಧಾನ. ಎರಡನ್ನೂ ಒಪ್ಪಬಹುದು. ಆದರೆ ಎರಡೂ ರಾಗಿಯನ್ನು ಮುಟ್ಟುವುದಿಲ್ಲ. ಈ ಸೀಮೆಯಲ್ಲಿ ರಾಗಿ ಬೀಸುವುದು ನಸುಕಿನಲ್ಲಿ ಹೆಂಗಸರು ಮಾಡುತ್ತಿದ್ದ ಕೆಲಸ. ಬೀಸುವ ಪದಗಳು ಹುಟ್ಟಿದ್ದು ಅಲ್ಲಿಯೇ. ಮಠದಲ್ಲಿ ಸೌದೆ ಒಡೆಯುವ, ನೀರು ಹೊರುವ, ದನ ಕಾಯುವ ಕೆಲಸಗಳೂ ಇದ್ದಿರಬೇಕು. ಅವನ್ನೆಲ್ಲ ಬಿಟ್ಟು ದೇವರನ್ನು ಬೀಸುವ ಕಲ್ಲಿನ ಮುಂದೆ ಕೂರಿಸಿದ ಕಲ್ಪನೆಯಲ್ಲಿ ಹಾಡನ್ನು ಕೇಳುತ್ತಿದ್ದ ಹೆಂಗಸರ ಪಾಲಿಲ್ಲವೆಂದು ಹೇಳುವುದು ಕಷ್ಟ. ಮಾದೇವನನ್ನು ಕುರಿತ ಹೆಂಗಸರ ಹಾಡುಗಳ ಸಲುಗೆಯ ದನಿಯನ್ನು ಬಲ್ಲವರಿಗೆ ಈ ಮಾತು ಅತಿಯೆನಿಸಲಾರದು.

ಮಂಟೇಸ್ವಾಮಿ ಕಾವ್ಯದ ಗುರು ಇನ್ನೂ ಕಠಿಣ. ಅಕ್ಕಸಾಲೆ, ಕಮ್ಮಾರಿಕೆಗಳ ಪಾಂಚಾಳ ಮನೆತನದ ಕೆಂಪಾಚಾರಿಯನ್ನು ಅವನು ಹಟ ಹಿಡಿದು ಶಿಶುಮಗನನ್ನಾಗಿ ಪಡೆಯುತ್ತಾನೆ, ಸಿದ್ಧಪ್ಪಾಜಿಯೆಂದು ಹೆಸರಿಡುತ್ತಾನೆ, ಕಬ್ಬಿಣದ ಭಿಕ್ಷೆ ತರಲು ಹಲಗೂರಿಗೆ ಕಳುಹಿಸುತ್ತಾನೆ. ಹಲಗೂರಿನ ಪಾಂಚಾಳರು ಕೊಡಲೊಪ್ಪದೆ ಅವನನ್ನು ಪರೀಕ್ಷೆಗಳಿಗೆ ಒಡ್ಡುತ್ತಾರೆ. ಅನ್ನವಲ್ಲ, ಹೊನ್ನಲ್ಲ, ಕಬ್ಬಿಣವೇ ಏಕೆ? ಕಬ್ಬಿಣದ ಕುಲದಿಂದ ಬಂದವನನ್ನೇ ಕಬ್ಬಿಣದವರ ಬಾಗಿಲಿಗೆ ಬೇಡಲು ಕಳುಹಿಸಿದ್ದೇಕೆ? ಮಠ ಕಟ್ಟುವುದಕ್ಕೆ ಕಬ್ಬಿಣ ಬೇಕಿತ್ತೆಂಬುದು ಕಾವ್ಯದೊಳಗಿನ ಕಾರಣ. ಆ ಕಾರಣ ಕಥೆಯ ಭಾರವನ್ನು ಹೊರಲಾರದು. ಗುಳ, ಕುಡುಗೋಲು, ಮಚ್ಚುಗಳಿಗಾಗಿ ಕುಲುಮೆಯ ಬಾಗಿಲಲ್ಲಿ ಕಾದು ನಿಂತ ಕೇಳುಗನಿಗೆ, ಕಬ್ಬಿಣವಿದ್ದೂ ಇಲ್ಲವೆನ್ನುವವರ ಕಥೆ ತನ್ನ ಕಥೆಯಾಗಿಯೇ ಕೇಳಿಸಿರಬೇಕು. ತನ್ನ ಕುಲದವರ ಎದುರೇ ಕೈಯೊಡ್ಡಿದಾಗ ಶಿಷ್ಯನ ಹಳೆಯ ಹುಟ್ಟು ಕಳಚುತ್ತದೆ ಎಂಬ ಓದೂ ಸಾಧ್ಯ. ಎರಡನೆಯದು ಸೊಗಸಾದ ಓದು. ಮೊದಲನೆಯದು ಕಾವ್ಯಕ್ಕೆ ಹೆಚ್ಚು ಹತ್ತಿರದ್ದು.

ಕೇಳುಗರ ಊಹೆ ಕೇವಲ ಕುತೂಹಲದ ಫಲವಲ್ಲ ಎಂಬುದು ಸಂಕಮ್ಮನ ಸಾಲಿನಲ್ಲಿ ಸ್ಪಷ್ಟವಾಗುತ್ತದೆ. ಕಾಡಿಗೆ ಹೊರಟ ಸೋಲಿಗ ನೀಲೇಗೌಡ ಹೆಂಡತಿಯ ಶೀಲಕ್ಕೆ ಬಲಗೈ ಭಾಷೆ ಕೇಳುತ್ತಾನೆ, ಸಂಕಮ್ಮ ಕೊಡುವುದಿಲ್ಲ. ಗಂಡ ಘೋರ ಹಿಂಸೆಗೆ ಗುರಿಪಡಿಸಿ ಗುಡಿಸಲಿನಲ್ಲಿ ಬಂಧಿಸಿ ಹೋಗುತ್ತಾನೆ. ಮಾದೇಶ್ವರ ಬಂದು ಬಿಡಿಸಿ, ಬಂಜೆಯೆನಿಸಿಕೊಂಡಿದ್ದ ಆಕೆಗೆ ಮಕ್ಕಳ ಫಲ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ಆಕೆ ಒಂದು ಮಾತು ಕೊಟ್ಟಿದ್ದರೆ ಹಿಂಸೆ ತಪ್ಪುತ್ತಿತ್ತು. ಕೊಡದಿರುವುದಕ್ಕೆ ಗಾಯಕ ಆಕೆಯ ಬಾಯಲ್ಲಿ ಹೇಳಿಸುವ ಕಾರಣಕ್ಕಿಂತ ಆಕೆ ಅನುಭವಿಸುವ ನೋವು ಎಷ್ಟೋ ಪಾಲು ದೊಡ್ಡದು. ಈ ಅಸಮತೆಯೇ ಬಿಟ್ಟ ಸ್ಥಳ. ಇತ್ತೀಚಿನ ದಶಕಗಳ ಸ್ತ್ರೀವಾದಿ ಓದು ಇಲ್ಲಿ ಪ್ರತಿರೋಧವನ್ನು ಕಂಡಿದೆ: ಭಾಷೆ ಕೊಟ್ಟರೆ ಅನುಮಾನಕ್ಕೆ ಅರ್ಹಳೆಂದು ತಾನೇ ಒಪ್ಪಿದಂತೆ. ಇದು ಬಲವಾದ ವಿವರಣೆ. ಪಠ್ಯವೂ ಅದಕ್ಕೆ ಎದುರಾಡುವುದಿಲ್ಲ.

ಕಾರಯ್ಯನ ವಿಷಯ ಬೇರೆ. ಕಾವ್ಯದಲ್ಲಿ ಅವನು ದೇವರ ವರದಿಂದ ಹುಟ್ಟಿದ ಮಗ, ಮುಂದೆ ದೇವರ ಒಕ್ಕಲು. ಸೋಲಿಗರ ಮೂಲಕಥೆಯಲ್ಲಾದರೋ ಕಾರಯ್ಯ ಕುಲದ ಮೂಲಪುರುಷ, ಬಿದಿರಿನಿಂದ ಹುಟ್ಟಿದವನು, ಮಾದೇಶ್ವರನಿಗೆ ಹತ್ತಿರದ ನೆಂಟ. ಇವನ್ನು ಒಂದೇ ಕಥೆಯ ಎರಡು ಪಾಠಾಂತರಗಳೆಂದು ಅಡಿಟಿಪ್ಪಣಿಗೆ ಸರಿಸುವುದು ಸುಲಭ. ದೇವರು ಕಾಡಿನವರ ಮನೆಗೆ ಬಂದದ್ದೇಕೆ ಎಂಬ ಒಂದೇ ಪ್ರಶ್ನೆಗೆ ಇವು ಎರಡು ಉತ್ತರಗಳು. ದಯೆಯಿಂದ ಬಂದ ಎಂಬುದು ಒಂದು, ನೆಂಟನಾದ್ದರಿಂದ ಬಂದ ಎಂಬುದು ಇನ್ನೊಂದು. ಇಂದು ಬೆಟ್ಟದ ದೇವಾಲಯದ ಪೂಜೆ ಬೇಡಗಂಪಣ ಸಮುದಾಯದವರದು. ಗರ್ಭಗುಡಿಯ ಹೊರಗೆ ನಿಂತವನು ತನ್ನನ್ನು ಭಕ್ತನೆಂದು ಕರೆದುಕೊಳ್ಳುವುದಕ್ಕೂ ಬಂಧುವೆಂದು ಕರೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ಯಳಂದೂರಿನ ಬೆಟ್ಟದಲ್ಲಿ ಇದೇ ತರ್ಕ ಇನ್ನೂ ಸರಳವಾಗಿದೆ. ಬಿಳಿಗಿರಿರಂಗ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದನು. ಆದ್ದರಿಂದ ಸೋಲಿಗರಿಗೆ ಅವನು ಭಾವ. ಶ್ರೀವೈಷ್ಣವ ಆರಾಧನೆಯ ದೇವರು ಕಾಡಿನ ಹೆಣ್ಣಿಗೆ ಮನಸೋತದ್ದೇಕೆಂದು ಸ್ಥಳಪುರಾಣ ತಲೆಕೆಡಿಸಿಕೊಳ್ಳದಿರಬಹುದು. ಸೋಲಿಗರ ಹಾಡಿಗೆ ಮುಖ್ಯವಾದುದೇ ಅದು. ಆ ದೇವರಿಗೆ ಒಪ್ಪಿಸುವ ಬೃಹತ್ ಚರ್ಮದ ಪಾದರಕ್ಷೆಗಳು ಸವೆಯುತ್ತವೆ, ಏಕೆಂದರೆ ದೇವರು ಅವನ್ನು ಮೆಟ್ಟಿ ಕಾಡಿನಲ್ಲಿ ಓಡಾಡುತ್ತಾನೆ ಎಂಬ ನಂಬಿಕೆಯೂ ಬಿಟ್ಟ ಸ್ಥಳವನ್ನು ತುಂಬುವ ಬಗೆಯೇ. ಬಿಳಿಗಿರಿರಂಗನ ಬೆಟ್ಟವನ್ನು ೨೦೧೧ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅದೇ ವರ್ಷ ಅಲ್ಲಿನ ಸೋಲಿಗರಿಗೆ ೨೦೦೬ರ ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯ ಹಕ್ಕುಗಳು ದೊರೆತವು. ಕಾಯಿದೆಗೆ ಬೇಕಾದುದು ವಾಸ ಮತ್ತು ಬಳಕೆಯ ಸಾಕ್ಷ್ಯ, ಭಾವನೆಂಟಸ್ತಿಕೆಯ ಹಾಡಲ್ಲ. ಆದರೆ ಕಾಡು ತಮ್ಮದೆಂಬ ಮಾತನ್ನು ಸೋಲಿಗರು ಕಾಯಿದೆಗಿಂತ ಬಹು ಮೊದಲೇ ಯಾವ ಭಾಷೆಯಲ್ಲಿ ಹೇಳಿಕೊಂಡಿದ್ದರೆಂಬುದು ಸಾಹಿತ್ಯದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ.

ವಿದ್ವಾಂಸರೂ ಊಹಿಸುತ್ತಾರೆ. ದೇವತೆಗಳನ್ನು ಸೆರೆಯಿಟ್ಟು ದುಡಿಸಿಕೊಳ್ಳುತ್ತಿದ್ದ ಶ್ರವಣನನ್ನು ಮಾದೇಶ್ವರ ಸಂಹರಿಸುವ ಪ್ರಸಂಗ ಇದಕ್ಕೆ ನಿದರ್ಶನ. ಶ್ರವಣ ಎಂಬ ಹೆಸರಿನಲ್ಲಿ ಶ್ರಮಣ ಶಬ್ದವನ್ನು ಕೇಳಿ, ಜೈನ ಅರಸನೊಬ್ಬನ ಮೇಲೆ ಶೈವರು ಸಾಧಿಸಿದ ಗೆಲುವಿನ ನೆನಪು ಇಲ್ಲಿದೆಯೆಂದು ವಾದಿಸಲಾಗಿದೆ. ಒಂದು ಹೆಸರಿನ ಧ್ವನಿಸಾಮ್ಯದಿಂದ ಒಂದು ಯುಗದ ಮತೀಯ ಸಂಘರ್ಷವನ್ನು ಕಟ್ಟುವ ಈ ಕ್ರಮ, ಸ್ನೇಪ್‌ನ ಒಂದು ನೋಟದಿಂದ ಅವನ ನಿಷ್ಠೆಯನ್ನು ಸಾಧಿಸಲು ಹೊರಟ ಓದುಗರ ಕ್ರಮಕ್ಕಿಂತ ಹೆಚ್ಚು ಭಿನ್ನವಲ್ಲ. ವ್ಯತ್ಯಾಸವೆಂದರೆ ಅದು ಊಹೆಯೆನಿಸಿಕೊಳ್ಳದೆ ಇತಿಹಾಸವೆನಿಸಿಕೊಳ್ಳುತ್ತದೆ. ಅದೇ ಪ್ರಸಂಗದಲ್ಲಿ ಬಲಶಾಲಿ ದೊರೆಯನ್ನು ಕೊಲ್ಲುವ ಸಾಧನ ಕತ್ತಿಯಲ್ಲ, ಎಕ್ಕಡ ಎಂಬುದು ಕಥನದ ಅತ್ಯಂತ ವಿಲಕ್ಷಣ ವಿವರ. ಚರ್ಮ ಹದ ಮಾಡುವವನ ಕೈಕೆಲಸ ದೇವರ ಆಯುಧವಾಯಿತು. ಹೆಸರಿನ ಹಿಂದೆ ಹೋದ ಸಂಶೋಧನೆಗೆ ಎಕ್ಕಡ ಅಷ್ಟಾಗಿ ಕಾಣದಿದ್ದುದು ಆಕಸ್ಮಿಕವೇನಲ್ಲ. ಮಾದಿಗ ಒಕ್ಕಲಿನ ಕೇಳುಗನು ಈ ಪ್ರಸಂಗದಲ್ಲಿ ಮೊದಲು ಗುರುತಿಸಬಹುದಾದುದು ಅದನ್ನೇ.

ಪಿ.ಕೆ. ರಾಜಶೇಖರ ಅವರು ೧೯೭೩ರಲ್ಲಿ ಮಲೆಯ ಮಾದೇಶ್ವರ ಕಾವ್ಯವನ್ನು ಪ್ರಕಟಿಸಿದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ, ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಪಠ್ಯ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂದಿತು, ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಮಾಡಿದ ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ ೨೦೦೧ರಲ್ಲಿ ಹೊರತಂದಿತು. ಈ ಕಾರ್ಯಗಳಿಲ್ಲದೆ ಈ ಬಗೆಯ ಚರ್ಚೆಯೇ ಸಾಧ್ಯವಿಲ್ಲ. ಆದರೆ ಮುದ್ರಣದೊಂದಿಗೆ ಕಾವ್ಯಕ್ಕೆ ರೌಲಿಂಗ್ ಅವರ ಏಳನೆಯ ಸಂಪುಟದಂಥ ಸ್ಥಿತಿ ಬರುತ್ತದೆ: ಒಂದು ರಾತ್ರಿ ಒಬ್ಬ ಗಾಯಕ ಕೊಟ್ಟ ಸಮಾಧಾನ ತರಗತಿಯಲ್ಲಿ ಕಾವ್ಯದ ತೀರ್ಪಾಗಿ ನಿಲ್ಲುತ್ತದೆ. ಗಮಕ ವಾಚನದ ಜೊತೆಗೆ ವ್ಯಾಖ್ಯಾನವೂ ಉಂಟೆಂದು ಒಪ್ಪುವ ಅಧ್ಯಾಪಕರೇ ಕಂಸಾಳೆಯ ಹಾಡಿನಲ್ಲಿ ಪದ್ಯಗಳ ನಡುವಿನ ಮಾತನ್ನು ಹೆಚ್ಚಿನ ಸರಕೆಂದು ಭಾವಿಸುತ್ತಾರೆ. ಹಿಮ್ಮೇಳದವನು ಹೂಂಗುಟ್ಟುವುದರ ನಡುವೆ ಕೇಳುವ ಅಡ್ಡಪ್ರಶ್ನೆ, ಅದಕ್ಕೆ ಮುಖ್ಯ ಗಾಯಕನ ಉತ್ತರ, ಕೇಳುಗರಲ್ಲಿ ಹಿರಿಯರೊಬ್ಬರು ಸೇರಿಸುವ ಮಾತು ಇವು ಸಾಮಾನ್ಯವಾಗಿ ಲಿಪ್ಯಂತರದ ಹಂತದಲ್ಲಿಯೇ ಬಿದ್ದುಹೋಗುತ್ತವೆ. ಹಾಗೆ ಬಿದ್ದುಹೋದ ಉತ್ತರವನ್ನೇ ಗಾಯಕನು ಮುಂದಿನ ಹಾಡಿಕೆಯಲ್ಲಿ ಪದ್ಯವಾಗಿ ಹಾಡಿರುವ ಸಾಧ್ಯತೆಯುಂಟು. ಸಂಪಾದಕನ ಕೈಯಲ್ಲಿರುವ ಎರಡು ಪಾಠಗಳಲ್ಲಿ ಒಂದರಲ್ಲಿ ಮಾತ್ರ ಕಾಣುವ ಸಾಲುಗಳನ್ನು ಪ್ರಕ್ಷಿಪ್ತವೆಂದು ಕಂಸದೊಳಗಿಡುವ ಮುನ್ನ, ಅವು ಯಾರ ಪ್ರಶ್ನೆಗೆ ಉತ್ತರವಾಗಿ ಬಂದವೆಂದು ವಿಚಾರಿಸುವ ಅವಕಾಶ ಧ್ವನಿಸುರುಳಿಗಳು ಉಳಿದಿರುವ ಸಂಗ್ರಹಗಳಲ್ಲಿ ಈಗಲೂ ಇದೆ.