ವಸಂತದ ಲೀಗ್‌ಗಳು ಕಲಿಸಿದ ಲೆಕ್ಕ

ಫೆಬ್ರವರಿಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನ ಅಂತಿಮ ಪಂದ್ಯ ಸೂಪರ್ ಬೌಲ್ ಮುಗಿದರೆ ಅಮೆರಿಕದಲ್ಲಿ ಸೆಪ್ಟೆಂಬರ್‌ವರೆಗೆ ಎನ್‌ಎಫ್‌ಎಲ್ ಎಣಿಕೆಗೆ ಬರುವ ಪಂದ್ಯಗಳಿಲ್ಲ. ಜನಕ್ಕೆ ಆಟದ ಹುಚ್ಚಿದೆ, ಎನ್‌ಎಫ್‌ಎಲ್ ಕೈಬಿಟ್ಟ ಆಟಗಾರರು ಅವಕಾಶಕ್ಕೆ ಕಾಯುತ್ತಿರುತ್ತಾರೆ. ವಸಂತಕ್ಕೊಂದು ಲೀಗ್ ನಡೆಸಲು ಇನ್ನೇನು ಬೇಕು ಎಂದುಕೊಂಡು ಹಲವರು ಇದಕ್ಕೆ ಕೈ ಹಾಕಿ ಸುಟ್ಟುಕೊಂಡಿದ್ದಾರೆ. ಈ ಲೀಗ್‌ಗಳ ಏಳುಬೀಳನ್ನು ವರ್ಷಗಟ್ಟಲೆ ಗಮನಿಸುತ್ತ ಬಂದ ನನಗೆ ಕಾಣುವುದು ಇಷ್ಟು: ನೋಡುವ ರೂಢಿ ಜನಕ್ಕೆ ಹತ್ತುವ ಮೊದಲೇ ಇವುಗಳ ಗಂಟು ಕರಗಿರುತ್ತದೆ.

ನ್ಯೂ ಆರ್ಲಿಯನ್ಸ್‌ನ ವ್ಯಾಪಾರಿ ಡೇವಿಡ್ ಡಿಕ್ಸನ್ ಕನಸು ಕಂಡ ಯುಎಸ್‌ಎಫ್‌ಎಲ್ 1983ರ ಮಾರ್ಚ್‌ನಲ್ಲಿ 12 ತಂಡಗಳೊಂದಿಗೆ ಶುರುವಾಯಿತು. ಖರ್ಚಿಗೆ ಕಡಿವಾಣವಿರಬೇಕು ಎಂಬುದೇ ಡಿಕ್ಸನ್ ಯೋಜನೆಯ ಜೀವಾಳ. ಮಾಲೀಕರು ಕೇಳಲಿಲ್ಲ. ಮರುವರ್ಷವೇ ತಂಡಗಳು 18 ಆದವು. ಲಾಸ್ ಏಂಜಲೀಸ್ ತಂಡ ಆಟಗಾರ ಸ್ಟೀವ್ ಯಂಗ್ ಅವರೊಂದಿಗೆ ಸುಮಾರು 4 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ನ್ಯೂಜೆರ್ಸಿ ಜನರಲ್ಸ್ ಮಾಲೀಕ ಡೊನಾಲ್ಡ್ ಟ್ರಂಪ್ ಅವರಿಗೆ ವಸಂತ ಸಾಕಾಗಲಿಲ್ಲ. ಎನ್‌ಎಫ್‌ಎಲ್ ಆಡುವ ಕಾಲದಲ್ಲೇ ತಾವೂ ಆಡಬೇಕೆಂದು ಹಟ ಹಿಡಿದರು, ಲೀಗ್ ಒಪ್ಪಿತು, ಎನ್‌ಎಫ್‌ಎಲ್ ವಿರುದ್ಧದ ವ್ಯಾಜ್ಯ ಕೋರ್ಟ್ ಹತ್ತಿತು. 1986ರಲ್ಲಿ ತೀರ್ಪೇನೋ ಯುಎಸ್‌ಎಫ್‌ಎಲ್ ಪರವಾಗಿಯೇ ಬಂತು. ಆದರೆ ಜ್ಯೂರಿ ಕೊಟ್ಟ ಪರಿಹಾರ 1 ಡಾಲರ್, ಕಾನೂನಿನಂತೆ ಮೂರು ಪಟ್ಟಾಗಿ 3 ಡಾಲರ್. ಲೀಗ್ ಮತ್ತೆ ಮೈದಾನಕ್ಕಿಳಿಯಲಿಲ್ಲ.

ಚಾರ್ಲಿ ಎಬರ್ಸಾಲ್ ಮತ್ತು ಬಿಲ್ ಪೋಲಿಯನ್ ಕಟ್ಟಿದ ಎಎಎಫ್ ಲೀಗ್‌ನ ಕಥೆ ಇನ್ನೂ ಚಿಕ್ಕದು. 2018ರ ಮಾರ್ಚ್‌ನಲ್ಲಿ ಘೋಷಣೆ, 2019ರ ಫೆಬ್ರವರಿ 9ಕ್ಕೆ ಮೊದಲ ಪಂದ್ಯ. ವರ್ಷ ತುಂಬುವುದರೊಳಗೆ ಎಂಟು ತಂಡ ಕಟ್ಟುವ ಅವಸರದಲ್ಲಿ ಎಂಥೆಂಥ ತೊಡಕು ಎದುರಾಗುತ್ತವೆ ಎಂಬುದಕ್ಕೆ ಒರ್ಲ್ಯಾಂಡೋ ತಂಡವನ್ನು ನೋಡಬೇಕು. ಗಾಯಗೊಂಡ ಕಾರ್ಮಿಕರಿಗೆ ಸಿಗುವ ವಿಮೆಯ ಸೌಲಭ್ಯ ಫ್ಲೋರಿಡಾದ ಕಾನೂನಿನಲ್ಲಿ ವೃತ್ತಿಪರ ಆಟಗಾರರಿಗೆ ಅನ್ವಯಿಸುವುದಿಲ್ಲ. ಹಾಗಾಗಿ ತಂಡ ಗಡಿ ದಾಟಿ ಜಾರ್ಜಿಯಾದಲ್ಲಿ ಅಭ್ಯಾಸ ಮಾಡಬೇಕಾಯಿತು. ಮೈದಾನದಲ್ಲಿ ಮಾತ್ರ ಆ ತಂಡ ಎಂಟರಲ್ಲಿ ಏಳು ಪಂದ್ಯ ಗೆದ್ದಿತ್ತು.

ಆಟ ಶುರುವಾದ ಕೆಲವೇ ದಿನಗಳಲ್ಲಿ ಹಣಕ್ಕೆ ಮುಗ್ಗಟ್ಟು ಬಂದು, ಉದ್ಯಮಿ ಟಾಮ್ ಡಂಡನ್ 25 ಕೋಟಿ ಡಾಲರ್ ಹಾಕುವುದಾಗಿ ಹೇಳಿ ಹಿಡಿತ ತೆಗೆದುಕೊಂಡರು. ಏಪ್ರಿಲ್ 2ರಂದು, ಎಂಟು ವಾರಕ್ಕೇ, ಲೀಗ್ ನಿಂತಿತು. ಹಲವು ಆಟಗಾರರು ಕೈಯಿಂದ ಖರ್ಚು ಮಾಡಿ ಊರು ಸೇರಿದರು. ಹಣ ಬ್ಯಾಂಕಿಗೆ ಬರುವ ಮೊದಲೇ ಮೊದಲ ಪಂದ್ಯದ ದಿನಾಂಕ ಗೊತ್ತುಮಾಡಿದರೆ ಅದರ ಬೆಲೆ ತೆರುವವರು ಇವರೇ. ನನಗೆ ಇದರಷ್ಟು ನೋವು ತಂದದ್ದು ಬೇರೊಂದಿಲ್ಲ.

ಪಾಠ ಕಲಿತವರೂ ಇದ್ದಾರೆ. ಹೊಸದಾಗಿ ಯುಎಸ್‌ಎಫ್‌ಎಲ್ ಹೆಸರಿನಲ್ಲಿ ಲೀಗ್ ತಂದ ಟಿವಿ ಸಂಸ್ಥೆ ಫಾಕ್ಸ್, 2022ರಲ್ಲಿ ಲೀಗ್ ಹಂತದ ಪಂದ್ಯಗಳನ್ನೆಲ್ಲ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಒಂದರಲ್ಲೇ ಆಡಿಸಿ ಪ್ರಯಾಣದ ವೆಚ್ಚ ಉಳಿಸಿತು. 2024ರಲ್ಲಿ ಅದು ಇನ್ನೊಂದು ವಸಂತದ ಲೀಗ್ ಎಕ್ಸ್‌ಎಫ್‌ಎಲ್ ಜೊತೆ ಸೇರಿ ಯುಎಫ್‌ಎಲ್ ಆದಾಗ ಎಂಟೂ ತಂಡಗಳು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಅಭ್ಯಾಸ ಮಾಡಿ, ಪಂದ್ಯಕ್ಕಷ್ಟೇ ತಮ್ಮ ಊರುಗಳಿಗೆ ಹೋಗಿಬಂದವು. ಊರಿನ ಆಯ್ಕೆಯೂ ಮುಖ್ಯವೆಂದು ಸೇಂಟ್ ಲೂಯಿಸ್ ತೋರಿಸಿತು. 2016ರಲ್ಲಿ ಎನ್‌ಎಫ್‌ಎಲ್‌ನ ರ್‍ಯಾಮ್ಸ್ ತಂಡವನ್ನು ಕಳೆದುಕೊಂಡಿದ್ದ ಅಲ್ಲಿನ ಜನ ತಮ್ಮೂರಿನ ಹೊಸ ತಂಡ ಬ್ಯಾಟಲ್‌ಹಾಕ್ಸ್ ಪಂದ್ಯಗಳಿಗೆ ಮುಗಿಬಿದ್ದರು.

ಲೀಗ್ ಉಳಿದರೆ ಆಟಗಾರನ ಬದುಕು ಹೇಗೆ ತಿರುಗಬಲ್ಲದು ಎಂಬುದಕ್ಕೆ ಬ್ರ್ಯಾಂಡನ್ ಆಬ್ರಿ ಸಾಕ್ಷಿ. ಸಾಕರ್ ಬಿಟ್ಟು ಬಂದ ಈ ಕಿಕ್ಕರ್ ಹೊಸ ಯುಎಸ್‌ಎಫ್‌ಎಲ್‌ನ ಬರ್ಮಿಂಗ್‌ಹ್ಯಾಮ್ ತಂಡದ ಪರ ಎರಡು ವಸಂತ ಆಡಿ 2023ರಲ್ಲಿ ಎನ್‌ಎಫ್‌ಎಲ್‌ನ ಡಲ್ಲಾಸ್ ಕೌಬಾಯ್ಸ್ ಸೇರಿದರು. ಅಲ್ಲಿ ಹೊಡೆದ ಮೊದಲ 35 ಫೀಲ್ಡ್ ಗೋಲ್‌ಗಳಲ್ಲಿ ಒಂದೂ ಗುರಿ ತಪ್ಪಲಿಲ್ಲ.