ಉಳಿಸಬೇಕಾದಲ್ಲಿ ಉಳಿಸು, ಅವ್ವಿ

ಚಿ. ಮಗಳಿಗೆ,

ಗಂಗಾವತಿಯ ಅಕ್ಕಿ ಗಿರಣಿಯ ಗೋಡೆ ಪಕ್ಕ ಮಳೆಯಲ್ಲಿ ನಡುಗುತ್ತ ನಿಂತಿದ್ದ ನಾಯಿಮರಿಯನ್ನು ನೀನು ರೂಮಿಗೆ ಕರೆತಂದ ಸುದ್ದಿ ಕೇಳಿದಾಗ ನನಗೆ ಸಂತೋಷವೇ ಆಗಿತ್ತು. ಈ ಸಲದ ಪತ್ರದಲ್ಲಿ ಬೇರೆ ಮಾತು ಬರೆದಿದ್ದೀ. ಪ್ಯಾಕೆಟ್ ಆಹಾರ, ಶಾಂಪೂ, ಬೆಲ್ಟು, ಹಾಸಿಗೆ, ನಿನ್ನ ಬೆಕ್ಕಿಗೆ ತಟ್ಟೆಯಲ್ಲಿ ಹಾಕುವ ಮಣ್ಣು ಎಂದು ಪಗಾರದ ಒಂದು ಪಾಲು ಅಲ್ಲಿಯೇ ಕರಗುತ್ತಿದೆ, ಅದಕ್ಕೆ ಲಸಿಕೆಯನ್ನು ಮುಂದಿನ ತಿಂಗಳಿಗೆ ತಳ್ಳಿದ್ದೇನೆ ಎಂದಿದ್ದೀ. ಆ ಕಡೆಯ ಸಾಲು ಓದಿ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಪಶು ಇಲಾಖೆಯ ನೌಕರಿಯಲ್ಲಿ ಯಲಬುರ್ಗಾ, ಕುಷ್ಟಗಿ, ಗಂಗಾವತಿ ಎಂದು ಆಯುಷ್ಯ ಕಳೆದವನು ನಾನು. ಹಣ ಉಳಿಸಲು ನೂರು ಜಾಗ ಇವೆ. ಲಸಿಕೆ ಆ ಜಾಗ ಅಲ್ಲ.

ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿತೆಂದರೆ ನಾಯಿಯೂ ಉಳಿಯುವುದಿಲ್ಲ, ಮನುಷ್ಯನೂ ಉಳಿಯುವುದಿಲ್ಲ. ಮರಿಗೆ ಮೂರು ತಿಂಗಳು ತುಂಬಿದ ಮೇಲೆ ಒಂದು ಸೂಜಿ, ಆಮೇಲೆ ಡಾಕ್ಟರು ಹೇಳಿದ ದಿನ ಇನ್ನೊಂದು, ಅಲ್ಲಿಂದ ವರ್ಷಕ್ಕೊಂದು. ಇಷ್ಟೇ ಕೆಲಸ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ ತೀರಿಕೊಂಡ ದಿನ ಅದು. ಅದರ ಆಸುಪಾಸಿನಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆ ಲಸಿಕೆ ಹಾಕುವ ಶಿಬಿರಗಳು ನಡೆಯುತ್ತವೆ. ಮರಿ ದೊಡ್ಡದಾದ ಮೇಲೆ ಅದರ ವರ್ಷದ ಸೂಜಿಯನ್ನು ಆ ತಿಂಗಳಿಗೆ ಹೊಂದಿಸಿಕೊಂಡರೆ ಆ ಖರ್ಚೂ ಉಳಿಯುತ್ತದೆ. ಆದರೆ ಮರಿಯ ಮೊದಲ ಸೂಜಿಗೆ ಶಿಬಿರ ಕಾಯಬಾರದು. ಪಾರ್ವೊ, ಡಿಸ್ಟೆಂಪರ್ ಲಸಿಕೆ ಇನ್ನೂ ಮುಂಚಿನದು. ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರದವರೆಗೆ ಕೊಡುತ್ತಾರೆ. ಪಾರ್ವೊ ಬಂದ ಮರಿ ರಕ್ತ ಭೇದಿ ಮಾಡುತ್ತ ಮಲಗಿದರೆ ಸಲೈನಿಗೆ, ಇಂಜೆಕ್ಷನ್ನಿಗೆ ಸುರಿಯುವ ರೊಕ್ಕದಲ್ಲಿ ಹತ್ತು ಮರಿಗಳಿಗೆ ಲಸಿಕೆ ಹಾಕಿಸಬಹುದು. ಸುರಿದರೂ ಎಲ್ಲವೂ ಬದುಕುವುದಿಲ್ಲ.

ಇನ್ನೊಂದು ಮಾತು. ಲಸಿಕೆಯನ್ನು ಮೆಡಿಕಲ್ ಅಂಗಡಿಯಿಂದ ನೀನೇ ಕೊಂಡು ಒಯ್ಯಬೇಕಾಗಿ ಬಂದರೆ ಐಸ್ ಇಟ್ಟ ಥರ್ಮಾಸಿನಲ್ಲಿ ಒಯ್ಯು. ಅದು 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ನಮ್ಮ ಬಿಸಿಲಲ್ಲಿ ಸ್ಕೂಟಿಯ ಡಿಕ್ಕಿಯಲ್ಲಿ ಹೋದ ಲಸಿಕೆ ಹಾಕಿಸಿದರೂ ಒಂದೇ, ಬಿಟ್ಟರೂ ಒಂದೇ. ಮರಿ ಆಟದಲ್ಲಿ ಹಲ್ಲು ಊರಿ ಚರ್ಮ ಹರಿದರೆ ಸಾಬೂನು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗು. ಮನುಷ್ಯರಿಗೆ ಅಲ್ಲಿ ರೇಬೀಸ್ ಸೂಜಿ ಪುಕ್ಕಟೆ. ಗಾಯಕ್ಕೆ ಅರಿಶಿನ, ಖಾರದಪುಡಿ, ಸುಣ್ಣ ಯಾವುದನ್ನೂ ಹಚ್ಚಬೇಡ.

ಈಗ ಊಟದ ವಿಚಾರಕ್ಕೆ ಬರೋಣ. ನಿನ್ನ ರೊಕ್ಕ ಹೆಚ್ಚು ಹೋಗುತ್ತಿರುವುದು ಅಲ್ಲೇ, ಉಳಿಯಬಹುದಾದದ್ದೂ ಅಲ್ಲೇ. ನಾಯಿಗೆ ಮಾಂಸವನ್ನಷ್ಟೇ ಹಾಕಬೇಕು ಎಂದು ನಿನ್ನ ಗೆಳತಿ ಹೇಳಿದಳಂತೆ. ಗಂಗಾವತಿ ತಾಲ್ಲೂಕಿನ ಬಂಕಾಪುರದ ತೋಳಧಾಮದಲ್ಲಿರುವ ತೋಳಕ್ಕೆ ಆ ಮಾತು ಸರಿ. ಮನುಷ್ಯನ ಜೊತೆ ಸಾವಿರಾರು ವರ್ಷ ಬದುಕಿದ ನಾಯಿ, ಅವನ ಧಾನ್ಯವನ್ನೂ ಅರಗಿಸಿಕೊಳ್ಳಲು ಕಲಿತಿದೆ. ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಪಾಲು ಹೆಚ್ಚಿವೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ನಮ್ಮ ಕುರಿಗಾರರಿಗೆ ಇದು ಹೊಸ ಸಂಗತಿಯಲ್ಲ. ಕುಷ್ಟಗಿ ಕಡೆಯ ಹಟ್ಟಿಗಳಲ್ಲಿ ನಾಯಿಗೆ ಹಾಕುತ್ತ ಬಂದದ್ದು ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಮಜ್ಜಿಗೆ, ಸಿಕ್ಕ ದಿನ ಮಾಂಸ. ಆ ನಾಯಿಗಳು ರಾತ್ರಿಯಿಡೀ ಹಿಂಡು ಕಾಯುತ್ತವೆ.

ನೀನಿರುವುದು ಭತ್ತದ ಊರು. ಗಿರಣಿಯಲ್ಲಿ ನುಚ್ಚಕ್ಕಿ ಇಡೀ ಅಕ್ಕಿಗಿಂತ ಬಹಳ ಅಗ್ಗಕ್ಕೆ ಸಿಗುತ್ತದೆ. ಅದನ್ನು ಮೆತ್ತಗೆ ಬೇಯಿಸು. ಅದಕ್ಕೆ ಬೇಯಿಸಿದ ತತ್ತಿ ಅಥವಾ ಕೋಳಿ ಅಂಗಡಿಯಲ್ಲಿ ಕಡಿಮೆ ರೇಟಿಗೆ ಕೊಡುವ ಕುತ್ತಿಗೆ, ಲಿವರ್, ಗಜ್ಜರಿ ಇಲ್ಲವೇ ಕುಂಬಳಕಾಯಿಯ ಹೋಳು ಸೇರಿಸು. ಬೆಂದ ಕೋಳಿಯ ಎಲುಬು ಚೂಪಾಗಿ ಒಡೆದು ಕರುಳು ಚುಚ್ಚುತ್ತದೆ, ಆದ್ದರಿಂದ ಮಾಂಸ ಬಿಡಿಸಿ ಎಲುಬು ಎಸೆ. ಬರೀ ಅನ್ನ, ಮಾಂಸದಲ್ಲಿ ಸುಣ್ಣದ ಅಂಶ ಸಾಲದು. ಕಾಲು ಬಿಲ್ಲಿನಂತೆ ಬಾಗಿದ ಎಷ್ಟೋ ಮರಿಗಳನ್ನು ನಾನು ನೋಡಿದ್ದೇನೆ. ಅವುಗಳಿಗೆಲ್ಲ ಹೊಟ್ಟೆ ತುಂಬ ಊಟವಿತ್ತು, ಎಲುಬಿಗೆ ಬೇಕಾದದ್ದು ಇರಲಿಲ್ಲ. ತತ್ತಿಯ ಸಿಪ್ಪೆ ಕುದಿಸಿ, ಒಣಗಿಸಿ, ಹಿಟ್ಟಿನಂತೆ ಪುಡಿ ಮಾಡಿದರೆ ಒಂದು ಟೀ ಚಮಚದಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ನಿನ್ನ ಮರಿಯ ತೂಕಕ್ಕೆ ಎಷ್ಟು ಬೇಕೆಂದು ಲಸಿಕೆಗೆ ಹೋದಾಗ ಡಾಕ್ಟರನ್ನು ಕೇಳು. ಬೆಳೆಯುವ ಮರಿಗೆ ಹೆಚ್ಚಾದರೂ ತೊಂದರೆಯೇ. ಹಾಗಾಗಿ ವರ್ಷ ತುಂಬುವವರೆಗೆ ಅರ್ಧ ಹೊಟ್ಟೆಗೆ ಮರಿಗಳ ಪ್ಯಾಕೆಟ್ ಆಹಾರ, ಅರ್ಧ ಹೊಟ್ಟೆಗೆ ಮನೆಯ ಅಡುಗೆ ಇರಲಿ. ಪ್ಯಾಕೆಟ್ಟನ್ನು ಕಿಲೋ ಲೆಕ್ಕದಲ್ಲಿ ಹೋಲಿಸಿ ತೆಗೆದುಕೋ. ತೆರೆದ ಚೀಲದಿಂದ ತೂಗಿ ಕೊಡುವ ಬಿಡಿ ಆಹಾರ ಎಷ್ಟೇ ಅಗ್ಗವಿರಲಿ, ಅದು ಯಾವಾಗಿನದೆಂದು ಗೊತ್ತಾಗುವುದಿಲ್ಲ.

ನಮ್ಮ ಮನೆಗಳಲ್ಲಿ ಉಳಿದ ಸಾರು, ಪಲ್ಯ ಕಲಸಿ ನಾಯಿಗೆ ಹಾಕುವ ರೂಢಿ ಇದೆ. ಅದನ್ನು ಮಾತ್ರ ಮಾಡಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಸಿಯಿರಲಿ, ಬೆಂದಿರಲಿ, ನಾಯಿ ಬೆಕ್ಕುಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಒಗ್ಗರಣೆ ಹಾಕುವುದಕ್ಕೆ ಮೊದಲೇ ಬೇಳೆಯಲ್ಲಿ ಮರಿಯ ಪಾಲು ತೆಗೆದಿಟ್ಟುಬಿಡು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ. ಚಾಕೊಲೇಟೂ ವಿಷವೇ.

ಕುರಿ ಮಾಂಸದ ಅಂಗಡಿಯಿಂದ ತಂದು ಹಾಕುವ ವಿಷಯದಲ್ಲಿ ನಾನು ತುಸು ಹೆಚ್ಚೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಮ್ಮ ಕೊಪ್ಪಳ ಜಿಲ್ಲೆ ಕುರಿಗಳ ಜಿಲ್ಲೆ. ಕೆಂಗುರಿ ತಳಿಯ ನೆಲೆಯೇ ರಾಯಚೂರು, ಕೊಪ್ಪಳದ ಈ ಸೀಮೆ. ಕಡಿದ ಕುರಿಯ ಪುಪ್ಪುಸ, ಲಿವರಿನಲ್ಲಿ ನೀರು ತುಂಬಿದ ಗುಳ್ಳೆಗಳು ಕಂಡರೆ ಅಂಗಡಿಯವರು ಅದನ್ನು ಬದಿಗೆ ಎಸೆಯುತ್ತಾರೆ, ನಾಯಿ ತಿನ್ನುತ್ತದೆ. ಆ ಗುಳ್ಳೆಯೊಳಗೆ ಇರುವುದು ಲಾಡಿಹುಳುವಿನ ಮರಿ. ನಾಯಿಯ ಕರುಳಲ್ಲಿ ಬೆಳೆದ ಹುಳುವಿನ ತತ್ತಿ ಅದರ ಹೇಲಿನಲ್ಲಿ ಬಂದು, ಮೈಕೂದಲಿಗೂ ಅಂಟಿ, ನಮ್ಮ ಕೈಯಿಂದ ಬಾಯಿಗೆ ಹೋದರೆ ಮನುಷ್ಯರ ಲಿವರಿನಲ್ಲೂ ಅಂಥದೇ ಗುಳ್ಳೆ ಎದ್ದು ಆಪರೇಷನ್ನಿಗೆ ಬರುತ್ತದೆ. ಕುರಿಯ ಹಸಿ ತಲೆ ತಿಂದ ನಾಯಿಯಿಂದ ಇನ್ನೊಂದು ಜಾತಿಯ ಹುಳು ಹರಡುತ್ತದೆ. ಅದರ ತತ್ತಿ ಬಿದ್ದ ಹುಲ್ಲು ಮೇಯ್ದ ಕುರಿಯ ಮಿದುಳಿನಲ್ಲಿ ಗುಳ್ಳೆಯಾಗಿ, ಕುರಿ ನಿಂತಲ್ಲೇ ಸುತ್ತು ಹೊಡೆದು ಸಾಯುತ್ತದೆ. ಹಟ್ಟಿಗಳಲ್ಲಿ ನಾವು ಹೇಳುತ್ತಿದ್ದದ್ದು ಒಂದೇ ಮಾತು: ನಾಯಿಗೆ ಜಂತಿನ ಗುಳಿಗೆ ಹಾಕಿರಿ, ಕುರಿ ಉಳಿಯುತ್ತವೆ. ಕೇಳಿದವರ ಹಿಂಡು ಉಳಿಯಿತು. ನೀನು ಏನೇ ತಂದರೂ ಚೆನ್ನಾಗಿ ಕುದಿಸಿಯೇ ಹಾಕು. ಮರಿಗೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ತೂಕ ನೋಡಿ ಜಂತಿನ ಔಷಧ ಹಾಕಿಸು. ಲಾಡಿಹುಳುವಿಗೆ ಹತ್ತುವ ಮದ್ದು ಅದರಲ್ಲಿದೆಯೇ ಎಂದು ಕೇಳು, ಎಲ್ಲ ಗುಳಿಗೆಗಳಲ್ಲಿ ಇರುವುದಿಲ್ಲ.

ಬೆಕ್ಕಿನ ಲೆಕ್ಕ ಬೇರೆ. ಹಾಲನ್ನ ಹಾಕಿದರೆ ಬೆಕ್ಕು ಬದುಕುತ್ತದೆ ಎಂಬುದು ಹಳ್ಳಿಯ ಮನೆಗೆ ಸರಿ, ಅಲ್ಲಿ ಅದು ಇಲಿ ಹಿಡಿದು ತಿನ್ನುತ್ತದೆ. ರೂಮಿನೊಳಗೇ ಇರುವ ನಿನ್ನ ಬೆಕ್ಕಿಗೆ ಮಾಂಸ, ಮೀನು ಬೇಕೇ ಬೇಕು. ಟಾರಿನ್ ಎಂಬ ಅಂಶವನ್ನು ಸಾಕಷ್ಟು ಮಾಡಿಕೊಳ್ಳಲು ಅದರ ಮೈಗೆ ಬಾರದು. ಅದು ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಬೆಕ್ಕಿನ ಪ್ಯಾಕೆಟ್ ನಿಲ್ಲಿಸಬೇಡ. ಅದರ ಜೊತೆಗೆ ತುಂಗಭದ್ರಾ ಹಿನ್ನೀರಿನ ಸಣ್ಣ ಮೀನು ಅಗ್ಗಕ್ಕೆ ಬಂದಾಗ ಬೇಯಿಸಿ, ಮುಳ್ಳು ತೆಗೆದು ಹಾಕು. ತಟ್ಟೆಗೆ ಅಂಗಡಿಯ ಮಣ್ಣು ಬೇಕಿಲ್ಲ. ಸಾ ಮಿಲ್ಲಿನ ಕಟ್ಟಿಗೆ ಪುಡಿ, ಬಿಸಿಲಿಗೆ ಒಣಗಿಸಿದ ಉಸುಕು ಸಾಕು. ಭತ್ತದ ಹೊಟ್ಟು ನಿಮ್ಮಲ್ಲಿ ರಾಶಿಗಟ್ಟಲೆ ಸಿಗುತ್ತದೆ, ಆದರೆ ಅದು ನೀರು ಹೀರುವುದು ಕಡಿಮೆ.

ಮರಿಗೆ ಉಣ್ಣಿ ಹತ್ತಿವೆ ಎಂದು ಬರೆದಿದ್ದೀ. ಎದುರು ಮನೆಯವರು ಗದ್ದೆಗೆ ಹೊಡೆಯುವ ಕೀಟನಾಶಕ ಎಣ್ಣೆಯನ್ನು ನೀರಲ್ಲಿ ಕಲಸಿ ಒರೆಸು ಎಂದರಂತೆ. ನಿನ್ನ ಕೈ ಮುಗಿದು ಹೇಳುತ್ತೇನೆ, ಅದನ್ನು ಮಾಡಬೇಡ. ನಾಯಿ ಮೈ ನೆಕ್ಕುತ್ತದೆ, ಜೊಲ್ಲು ಸುರಿಸಿ ನಡುಗಿ ಸಾಯುತ್ತದೆ. ಭತ್ತದ ಊರುಗಳಲ್ಲಿ ಅಂಥ ಸಾವು ನಾನು ಸಾಕಷ್ಟು ಕಂಡಿದ್ದೇನೆ. ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್ ಚರ್ಮ ಸುಡುತ್ತವೆ. ರಕ್ತ ಕುಡಿದ ಉಣ್ಣಿ ಕೆಳಗೆ ಉದುರಿ, ಗೋಡೆಯ ಸಂದಿಯಲ್ಲಿ ಸಾವಿರಾರು ತತ್ತಿ ಇಡುತ್ತದೆ. ನಾಯಿಯ ಮೈಗಷ್ಟೇ ಔಷಧ ಹಾಕಿ, ಗೋಡೆ ಬಿಟ್ಟರೆ ತಿಂಗಳು ತಿಂಗಳು ರೊಕ್ಕ ಹೋಗುತ್ತಲೇ ಇರುತ್ತದೆ. ಸಂದಿಗಳನ್ನು ಮೆತ್ತಿ ಮುಚ್ಚಿ, ಗೋಡೆಗೆ ಸುಣ್ಣ ಬಳಿ, ಹಾಸಿಗೆಯನ್ನು ಕುದಿಯುವ ನೀರಲ್ಲಿ ತೊಳೆದು ಬಿಸಿಲಿಗೆ ಹಾಕು. ದಿನಾ ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ನೋಡಿ ಚಿಮಟದಿಂದ ಹಿಡಿದು ಸಾಬೂನು ನೀರಿಗೆ ಹಾಕು, ಬೆರಳಲ್ಲಿ ಹಿಸುಕಬೇಡ. ಇದಕ್ಕೆ ಪೈಸೆ ಖರ್ಚಿಲ್ಲ. ಮೈಗೆ ಹಾಕುವ ಔಷಧವನ್ನು ಡಾಕ್ಟರು ಬರೆದುಕೊಟ್ಟದ್ದನ್ನೇ ತಾ. ನಾಯಿಯದನ್ನು ಬೆಕ್ಕಿಗೆ ಹಾಕಲೇಬೇಡ, ಪರ್ಮೆಥ್ರಿನ್ ಇದ್ದರೆ ಬೆಕ್ಕಿನ ಜೀವ ಹೋಗುತ್ತದೆ. ಜ್ವರ ಎಂದು ನೀನು ನುಂಗುವ ಪ್ಯಾರಾಸಿಟಮಾಲ್ ಕೊಟ್ಟರೂ ಅಷ್ಟೇ.

ಸಾಮಾನಿನ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಅಂಗಡಿಯ ಹಾಸಿಗೆ ಯಾಕೆ? ನಿನ್ನ ದೊಡ್ಡವ್ವ ಎರಡು ಹಳೆಯ ಕೌದಿ ತೆಗೆದಿಟ್ಟಿದ್ದಾಳೆ. ನೀರಿಗೆ ಸ್ಟೀಲಿನ ಬಟ್ಟಲು, ಬೇಸಿಗೆಯಲ್ಲಿ ಮಣ್ಣಿನದು. ಆಟಕ್ಕೆ ಹರಕು ಬಟ್ಟೆಯ ಗಂಟು. ಸ್ನಾನ ತಿಂಗಳಿಗೊಮ್ಮೆ ಸಾಕು, ದಿನಾ ಬಾಚು. ನಮ್ಮ ಸಾಬೂನು ಅದರ ಚರ್ಮಕ್ಕೆ ಒಗ್ಗುವುದಿಲ್ಲವಾದ್ದರಿಂದ ನಾಯಿಯ ಶಾಂಪೂ ಒಂದು ಬಾಟಲಿ ಇರಲಿ, ವರ್ಷ ಬರುತ್ತದೆ. ಮರಿ ಹೆಣ್ಣು ಎಂದಿದ್ದೀ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸು. ಒಂದು ಸಲದ ಖರ್ಚದು. ಅದರಿಂದ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬರುವುದಿಲ್ಲ, ಬೀದಿಗೆ ಇನ್ನಷ್ಟು ಮರಿಗಳೂ ಬರುವುದಿಲ್ಲ.

ಬೀದಿ ಮರಿಗೆ ಇಷ್ಟೆಲ್ಲ ಯಾಕೆ, ಒಳ್ಳೆ ಜಾತಿಯ ಹಸ್ಕಿ ತರಬಾರದೇ ಎಂದ ನಿನ್ನ ಗೆಳತಿಗೆ ಹೇಳು: ಹಿಮದ ನಾಡಿನ ಆ ನಾಯಿಯನ್ನು ನಲವತ್ತು ಡಿಗ್ರಿಯ ಊರಿಗೆ ತಂದರೆ ಅದಕ್ಕೂ ಹಿಂಸೆ, ಕರೆಂಟ್ ಬಿಲ್ಲೂ ಭಾರ. ಜಾತಿಯೇ ಬೇಕೆಂದರೆ ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಇದೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದದ್ದು ಅದು, ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. ಇನ್ನು ನಾಯಿಯ ಬೆಲೆಯ ಮಾತು. ತಕ್ಕೋಲದ ಯುದ್ಧದಲ್ಲಿ ತನ್ನ ಸೇವಕ ಮಣಲೇರನ ಶೌರ್ಯ ಮೆಚ್ಚಿದ ಗಂಗರ ಅರಸ ಬೂತುಗ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಕಾದಾಡಿ ಸತ್ತಾಗ ಕಲ್ಲು ನಿಲ್ಲಿಸಿದರು. ಕ್ರಿ.ಶ. 949-50ರ ಆ ಆತಕೂರಿನ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅಂಥ ನಾಡಿನಲ್ಲಿ ಹುಟ್ಟಿದವಳು ನೀನು, ನಿನ್ನ ಮರಿಯನ್ನು ಅಗ್ಗದ್ದೆಂದು ಯಾರೂ ಅನ್ನದಿರಲಿ. ನೀನು ಲಸಿಕೆ ಹಾಕಿಸಿದರೆ ಬಂಕಾಪುರದ ತೋಳಗಳಿಗೂ ಒಳ್ಳೆಯದು, ಡಿಸ್ಟೆಂಪರ್ ಊರ ನಾಯಿಗಳಿಂದ ಅವುಗಳಿಗೂ ಹತ್ತುತ್ತದೆ.

ಔಷಧ ಬರೆಸಿಕೊಳ್ಳುವಾಗ ಇದೇ ಮದ್ದು ಜನೌಷಧಿ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಡಾಕ್ಟರನ್ನು ಸಂಕೋಚವಿಲ್ಲದೆ ಕೇಳು. ಕೆಲವು ಆಂಟಿಬಯಾಟಿಕ್‌ಗಳು ಮನುಷ್ಯರಿಗೂ ನಾಯಿಗೂ ಒಂದೇ, ಪ್ರಮಾಣ ಮಾತ್ರ ಅವರು ಹೇಳಿದಷ್ಟು. ಮೊದಲು ಸರ್ಕಾರಿ ಪಶು ಆಸ್ಪತ್ರೆಗೇ ಹೋಗು. ಅಲ್ಲಿರುವವರು ದನ, ಕುರಿಯನ್ನಷ್ಟೇ ನೋಡುತ್ತಾರೆ ಎಂದು ತಿಳಿಯಬೇಡ.

ಕೌದಿಗಳನ್ನು ಮುಂದಿನ ವಾರ ಗಂಗಾವತಿಗೆ ಬರುವವರ ಕೈಯಲ್ಲಿ ಕಳಿಸುತ್ತೇನೆ. ಈ ತಿಂಗಳು ಮರಿಯ ಪ್ಯಾಕೆಟ್ ಅರ್ಧಕ್ಕೆ ಇಳಿಸು, ಹೊಸ ಶಾಂಪೂ, ಬೆಲ್ಟು ಕೊಳ್ಳಬೇಡ. ಅದರಲ್ಲಿ ಉಳಿದ ಹಣ ಲಸಿಕೆಗೆ ಸಾಲದಿದ್ದರೆ ಫೋನು ಮಾಡು, ನಾನು ಹಾಕುತ್ತೇನೆ. ಪತ್ರ ಕೈಗೆ ಬಂದ ಮರುದಿನವೇ ಬೆಳಿಗ್ಗೆ ಮರಿಯನ್ನು ಪಶು ಆಸ್ಪತ್ರೆಗೆ ಕರೆದೊಯ್ದು ಸೂಜಿ ಹಾಕಿಸು, ಲಸಿಕೆ ಕಾರ್ಡಿನ ಫೋಟೊ ನನಗೆ ಕಳಿಸು.

ಇಂತಿ ನಿನ್ನ ದೊಡ್ಡಪ್ಪ