ಚೀಟಿ ಮೊದಲು, ಚೀಲ ಆಮೇಲೆ

ಹೈದರಾಬಾದಿನ ಹಿಮಾಯತ್‌ನಗರದ ಮುಖ್ಯರಸ್ತೆಯಲ್ಲಿ ಸೂಪರ್‌ಮಾರ್ಕೆಟ್, ಗಲ್ಲಿಯ ತಿರುವಿನಲ್ಲಿ ತಳ್ಳುಗಾಡಿ, ಮೊಬೈಲಿನಲ್ಲಿ ಡೆಲಿವರಿ ಆ್ಯಪ್. ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಬಂದು ಇಲ್ಲಿ, ಪಕ್ಕದ ಕಾಚಿಗುಡದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಸಾಮಾನು ಸಿಗದೆ ಇರುವುದಿಲ್ಲ. ಆದರೂ ತಿಂಗಳ ಮೂರನೇ ವಾರಕ್ಕೆ ಕೈ ಖಾಲಿ. ಡಬ್ಬಿಯಲ್ಲಿ ಬಿಸ್ಕತ್ತು ಉಳಿದಿರುತ್ತದೆ, ಬೇಳೆ ಮುಗಿದಿರುತ್ತದೆ. ಯಾವುದು ಎಷ್ಟು ಬೇಕೆಂದು ಲೆಕ್ಕ ಹಾಕದೆ ಹೊರಟರೆ ಆಗುವುದು ಹೀಗೆಯೇ.

1. ತೂಕ ಬರೆದುಕೊಳ್ಳಿ

ಈ ಲೆಕ್ಕ ಹಾಕಿಕೊಡುವ ರಾಷ್ಟ್ರೀಯ ಪೋಷಣಾ ಸಂಸ್ಥೆ (ಎನ್‌ಐಎನ್) ಇದೇ ಊರಿನ ತಾರ್ನಾಕಾದಲ್ಲಿದೆ. ಅದರ 2024ರ ಮಾರ್ಗಸೂಚಿಯ ಪ್ರಕಾರ, 2,000 ಕ್ಯಾಲೊರಿಯ ಊಟಕ್ಕೆ ದಿನಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ (ಮೊಟ್ಟೆ, ಮಾಂಸ ತಿನ್ನುವವರಿಗೆ ಅವೂ ಇದರಲ್ಲೇ ಸೇರುತ್ತವೆ), ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಬಾದಾಮಿ, ಶೇಂಗಾದಂಥ ಬೀಜ 35 ಗ್ರಾಂ, ಎಣ್ಣೆ 27 ಗ್ರಾಂ, ಹಾಲು-ಮೊಸರು 300 ಮಿ.ಲೀ. ಸಾಕು.

ನಾಲ್ಕು ಮಂದಿ ದೊಡ್ಡವರಿರುವ ಮನೆಗೆ ತಿಂಗಳಿಗೆ ಧಾನ್ಯ 30 ಕೆ.ಜಿ., ಬೇಳೆಕಾಳು ಸುಮಾರು 10 ಕೆ.ಜಿ., ಎಣ್ಣೆ ಮೂರೂಕಾಲು ಕೆ.ಜಿ.; ವಾರಕ್ಕೆ ತರಕಾರಿ 11 ಕೆ.ಜಿ. ನಿಮ್ಮ ಮನೆಯಲ್ಲಿ ಎಣ್ಣೆ ಐದು ಕೆ.ಜಿ. ಖರ್ಚಾಗುತ್ತಿದ್ದರೆ ಉಳಿತಾಯ ಅಲ್ಲಿಂದಲೇ ಶುರುವಾಗಲಿ.

2. ಕಾಳುಕಡಿ ತಿಂಗಳಿಗೊಮ್ಮೆ

ಕೆಡದ ಸಾಮಾನನ್ನು ಬೇಗಂ ಬಜಾರ್‌ನ ಸಗಟು ಅಂಗಡಿಗಳಲ್ಲಿ ವಿಚಾರಿಸಿ. ಎರಡು ಮನೆಯವರು ಸೇರಿ ಮೂಟೆ ತಂದು ಹಂಚಿಕೊಳ್ಳಬಹುದು. ಧಾನ್ಯವೆಲ್ಲ ಅಕ್ಕಿಯೇ ಆಗಬೇಕಿಲ್ಲ. ಮೂರರಲ್ಲೊಂದು ಪಾಲು ಜೋಳ, ರಾಗಿ, ಸಜ್ಜೆ ಇರಲಿ. ಬಾದಾಮಿ ದುಬಾರಿ ಎನಿಸಿದರೆ ಶೇಂಗಾ, ಎಳ್ಳು ತನ್ನಿ. ತೊಗರಿಬೇಳೆಯನ್ನು ಅಂಗೈ ಮೇಲೆ ಹರವಿ ನೋಡಿ: ಹುಳ ಕೊರೆದ ತೂತು, ಪುಡಿ ಕಂಡರೆ ಬೇಡ.

3. ತರಕಾರಿ ವಾರಕ್ಕೊಮ್ಮೆ

ರೈತರೇ ನೇರವಾಗಿ ಮಾರುವ ರೈತು ಬಜಾರ್‌ಗಳು 1999ರ ಜನವರಿಯಲ್ಲಿ ಶುರುವಾದವು. ಮೆಹದಿಪಟ್ನಂ, ಎರ್ರಗಡ್ಡ, ಸರೂರ್‌ನಗರಗಳಲ್ಲಿ ಅವು ಇವೆ. ಅಲ್ಲಿ ದಿನದ ದರ ಹಲಗೆ ಮೇಲಿರುತ್ತದೆ. ಮೊದಲು ಅದನ್ನು ಓದಿ, ಆಮೇಲೆ ಚೀಲ ತೆರೆಯಿರಿ. ಅಲ್ಲಿಗೆ ಹೋಗಿಬರಲು ತೆಲಂಗಾಣದ ನಿವಾಸಿ ಮಹಿಳೆಯರಿಗೆ 2023ರ ಡಿಸೆಂಬರ್‌ನಿಂದ ಸಿಟಿ ಆರ್ಡಿನರಿ, ಮೆಟ್ರೋ ಎಕ್ಸ್‌ಪ್ರೆಸ್ ಬಸ್ಸು ಉಚಿತ. ಆಧಾರ್ ಜೊತೆಗಿರಲಿ.

4. ಸೊಪ್ಪು ಅಂದಂದಿಗೆ

ಸೊಪ್ಪಿಗೆ ದೂರ ಹೋಗಬೇಕಿಲ್ಲ, ಗಲ್ಲಿಯ ಗಾಡಿಯೇ ಸಾಕು. ಹೊಸಬರು ಹೆಸರು ಕಲಿತುಕೊಳ್ಳಿ: ಗೋಂಗೂರ ಎಂದರೆ ನಮ್ಮ ಪುಂಡಿಪಲ್ಲೆ, ತೋಟಕೂರ ಎಂದರೆ ದಂಟು, ಬಚ್ಚಲಿಕೂರ ಎಂದರೆ ಬಸಳೆ. ಕಟ್ಟಿನ ಮೇಲೆ ನೀರು ಚಿಮುಕಿಸಿ ಇಟ್ಟಿರುತ್ತಾರೆ, ಹೊರಗಿನ ಎಲೆ ನಳನಳಿಸುತ್ತದೆ. ದಾರದ ಪಕ್ಕ ಬೆರಳು ತೂರಿಸಿ ನಡುವೆ ಮುಟ್ಟಿ ನೋಡಿ. ಲೋಳೆ ಹತ್ತಿದರೆ ಒಳಗೆ ಕೊಳೆತಿದೆ ಎಂದರ್ಥ. ಪುಂಡಿಪಲ್ಲೆಯಲ್ಲಿ ಕೆಂಪು ದಂಟಿನದು ಹೆಚ್ಚು ಹುಳಿ. ಅದನ್ನು ಬೇಳೆಗೆ ಹಾಕಿದ ದಿನ ಹುಣಸೆಹಣ್ಣೂ ಉಳಿಯುತ್ತದೆ.

5. ಪೊಟ್ಟಣ ಕೊನೆಗೆ

ಪ್ಯಾಕೆಟ್ಟಿನ ಹಿಂಬದಿ ಓದದೆ ಕೊಳ್ಳಬೇಡಿ. ಯಾವ ಪದಾರ್ಥದ ತೂಕ ಹೆಚ್ಚೋ ಅದರ ಹೆಸರು ಮೊದಲು ಬರುತ್ತದೆ. ‘ರಾಗಿ ಬಿಸ್ಕತ್ತು’ ಎಂದಿದ್ದರೂ ಪಟ್ಟಿಯಲ್ಲಿ ಮೈದಾ, ಸಕ್ಕರೆ ಮುಂದಿದ್ದರೆ ನೀವು ದುಡ್ಡು ಕೊಡುತ್ತಿರುವುದು ಮೈದಾಕ್ಕೆ. ‘ಒಂದಕ್ಕೊಂದು ಉಚಿತ’ ಎಂದಿದ್ದರೆ ನೀವು ಬರೆದ ಚೀಟಿ ನೋಡಿ. ಅದರಲ್ಲಿಲ್ಲದ್ದು ಉಚಿತವಾಗಿ ಬಂದರೂ ದಂಡವೇ.

ಸಂಬಳ ಬಂದ ದಿನ, ಅಂಗಡಿಗೆ ಹೊರಡುವ ಮೊದಲು ಹತ್ತು ನಿಮಿಷ ಕೂತು ಚೀಟಿ ಬರೆಯಿರಿ. ದರ ಎಷ್ಟೇ ಏರಲಿ, ಮನೆಯವರ ತಟ್ಟೆಗೆ ಬೇಳೆ, ಸೊಪ್ಪು ತಪ್ಪದಿರಲಿ. ಉಳಿದದ್ದೆಲ್ಲ ಆಮೇಲೆ.